ಕೊಟ್ರೇಶನ ಬೋರಿಗೆ ಸುಣ್ಣ ಕಟ್ಟಿದ್ದು

ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನವೇ ಕೊಟ್ರೇಶನ ಬೋರಿನ ನೀರು ನೂಲಿನೆಳೆಯಷ್ಟು ಸಣ್ಣಗಾಯಿತು.

ಮೋಟೆಬೆನ್ನೂರಿನ ಆ ಓಣಿಯಲ್ಲಿ ಆರುನೂರು ಅಡಿ ಕೊರೆಸಿ, ಉಗುರುಬೆಚ್ಚಗಿನ ನೀರು ಪಡೆದವನು ಅವನೊಬ್ಬನೇ. ಮೂವತ್ತಮೂರರ ಪ್ರಾಯದಲ್ಲಿ ಅವನಿಗಿದ್ದ ಹಿರಿಮೆಯೂ ಅದೊಂದೇ. ಗುತ್ತಲದ ಮೈಲಾರೆಪ್ಪ ಮೊದಲೇ ಹೇಳಿ ಕಳಿಸಿದ್ದರು: "ಹೊಲಾ ಬ್ಯಾಡ, ಬಂಗಾರ ಬ್ಯಾಡ. ನನ್ನ ಮಗಳು ಶೈಲಶ್ರೀ ಕೊಡಾ ಹೊರಬಾರದು. ನಳದಾಗ ನೀರು ಕಂಡ್ರ ಹೆಣ್ಣು ಕೊಡತೇವಿ." ನಾಲ್ಕು ಕಡೆ ಬೇಡವೆನಿಸಿಕೊಂಡ ಕೊಟ್ರೇಶನಿಗೆ ಇದು ಐದನೆಯದು.

"ಹುಣಸಿಹಣ್ಣು ಕಲಸಿ ಸುರುವೋ ತಮ್ಮಾ. ನಾ ಹಂಡೆ ಬೆಳಗೂದು ಹಂಗ," ಎಂದಳು ಮಗ್ಗುಲ ಮನೆಯ ಮಂಗಳವ್ವ.

ಎದುರು ಮನೆಯ ಫಕ್ಕೀರಪ್ಪ ಮಾತಿಗೆ ಕಾಯಲಿಲ್ಲ. ಹಾರೆ ತಂದು ಪೈಪಿಗೆ ಎರಡು ಬಾರಿಸಿದ. ಒಳಗೇನೋ ಕಳಚಿ ಬಿತ್ತು. ಇದ್ದ ನೂಲಿನೆಳೆಯೂ ನಿಂತಿತು.

"ಈಗ ರೋಗ ಖಾತ್ರಿ ಆತು ನೋಡು," ಎಂದ, ನಾಡಿ ಹಿಡಿದ ವೈದ್ಯನಂತೆ.

ಕೊಟ್ರೇಶ ಬ್ಯಾಡಗಿಗೆ ಫೋನು ಮಾಡಿ ಮೆಕ್ಯಾನಿಕ್ ವಿಜಯಮಹಾಂತೇಶನನ್ನು ಕರೆಸಿದ. ಅವನು ಬೋರಿನಿಂದ ನಳದವರೆಗಿನ ಪೈಪು ಬಿಚ್ಚಿದ. ಎರಡಿಂಚಿನ ಪೈಪಿನಲ್ಲಿ ಕಿರುಬೆರಳೂ ತೂರದಂತೆ ಬಿಳಿ ಸುಣ್ಣ ಬಳೆ ಬಳೆಯಾಗಿ ಕೂತಿತ್ತು.

"ಆಳದ ಬೆಚ್ಚನ ನೀರ್ರಿ. ಮ್ಯಾಲೆ ಬಂದು ಗಾಳಿ ಕಂಡ್ರ ಸುಣ್ಣಾ ಬಿಡತೈತಿ. ಅಂಜಬ್ಯಾಡ್ರಿ."

ಆಸಿಡ್ ಸುರಿದಾಗ ಪೈಪು ಸೋಡಾ ಬಾಟಲಿಯಂತೆ ಬುಸುಗುಟ್ಟಿತು. ಮಂಗಳವ್ವ ದೂರದಿಂದಲೇ ಕೈ ಮುಗಿದಳು. ಪೈಪು ತೊಳೆದು ಜೋಡಿಸುವಷ್ಟರಲ್ಲಿ ಮೈಲಾರೆಪ್ಪ ಅಂಗಳಕ್ಕೆ ಬಂದೇಬಿಟ್ಟರು.

"ಬರ್ರಿ ಮಾವಾರ, ಕುಂದ್ರಿ. ಚಾ..."

"ಚಾ ಇರಲಿ. ನಳ ಎಲ್ಲೈತಿ?"

ಕೊಟ್ರೇಶ ಬೆವರಿದ. ವಿಜಯಮಹಾಂತೇಶ ಕೊನೆಯ ನಟ್ಟು ಬಿಗಿದು ಸ್ವಿಚ್ ಒತ್ತಿದ. ಪೈಪು ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಆಮೇಲೆ ಕಟ್ಟು ಹರಿದ ಹೋರಿಯಂತೆ ನೀರು ನುಗ್ಗಿ ಫಕ್ಕೀರಪ್ಪನ ತಲೆಯ ಪಟಗಾ ಹಾರಿಸಿ, ಮೈಲಾರೆಪ್ಪನವರನ್ನು ನಡುಮಟ್ಟ ತೋಯಿಸಿತು.

"ಅಲಲಲಾ! ಜಳಕಾನಽ ಆತಲ್ಲೋ!" ಅವರು ಮಗುವಿನಂತೆ ನಕ್ಕರು. ಓಣಿಯ ಹೆಂಗಸರು ಕೊಡ ಹಿಡಿದು ಓಡಿಬಂದರು.

"ಹಂಗಾರ... ಹೆಣ್ಣು?" ಎಂದ ಕೊಟ್ರೇಶ.

"ಕೊಟ್ಟಂಗ ಅಂತ ತಿಳಿ." ಮೈಲಾರೆಪ್ಪ ಧೋತರ ಹಿಂಡುತ್ತ ಕೇಳಿದರು, "ಮತ್ತ ಈ ಸುಣ್ಣಾ ಇನ್ನೊಮ್ಮೆ ಕಟ್ಟತೈತೇನು?"

"ವರ್ಷಾ ವರ್ಷಾ ಕಟ್ಟತೈತ್ರಿ. ಆದ್ರ ಚಿಂತೀನಽ ಬ್ಯಾಡ." ಸಂತೋಷಕ್ಕೆ ಕೊಟ್ರೇಶನ ನಾಲಗೆಗೆ ಲಗಾಮಿರಲಿಲ್ಲ. "ಈ ವಿಜಯಣ್ಣ ಇದ್ದಾನಲ್ರಿ! ಎಂಥಾ ನಿಂತ ನೀರಿದ್ರೂ ತಾಸಿನ್ಯಾಗ ಹರಿಸ್ತಾನ. ದುಶ್ಚಟ ಇಲ್ಲ, ಹುಸಿ ಮಾತಿಲ್ಲ. ಜಿಲ್ಲಾದಾಗ ಹುಡುಕಿದ್ರೂ ಹಿಂಥಾ ಹುಡುಗ ಸಿಗಾಂಗಿಲ್ಲ!"

ಮೈಲಾರೆಪ್ಪನವರ ಕೈಯಲ್ಲಿ ಧೋತರ ಹಾಗೇ ನಿಂತಿತು. ಅವರು ಮೆಕ್ಯಾನಿಕ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಮ್ಮಾ, ನಿಂದು ಲಗ್ನ ಆಗೇತೇನು?"

"ಇಲ್ರಿ," ಎಂದ ವಿಜಯಮಹಾಂತೇಶ, ಕಿವಿಯವರೆಗೂ ಕೆಂಪಾಗಿ.

ಮೈಲಾರೆಪ್ಪ ಬಂದು ಕೊಟ್ರೇಶನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಬ್ಯಾಸರ ಮಾಡ್ಕೋಬ್ಯಾಡಪಾ. ಇಂಥಾ ವರಾ ತೋರಿಸಿದವ ನೀನು. ಲಗ್ನ ನಿನ್ನ ಅಂಗಳದಾಗಽ ಇಟ್ಕೊಳ್ಳೂನು. ನೀರು ಭರಪೂರ ಐತಿ."