ಹಂದರಕ್ಕೆ ಏಳದ ಸೋದರಮಾವ

ನನ್ನ ಸೋದರಮಾವನನ್ನು ಮದುವೆಗೆ ಕರೆಯುವುದೂ ಒಂದೇ, ಕಬ್ಬಿನ ಒಣಗರಿಯ ರವದಿಗೆ ಬೆಂಕಿ ಕರೆಯುವುದೂ ಒಂದೇ! ಅಥಣಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಈ ಮನುಷ್ಯ ಊಟದ ಪಂಕ್ತಿಯಲ್ಲೂ ಪಾಠ ನಿಲ್ಲಿಸುವುದಿಲ್ಲ. "ಆ ಮೂಲ್ಯಾಗ ಕುಂತಾವ್ರಿಗೆ ಯಾಕ ಕಡೀಕ ಬಡಸ್ತೀರಿ?" ಎಂದು ಬಡಿಸುವವರನ್ನು ತಡೆಯುತ್ತಾನೆ. ಹೋಳಿಗೆ ಆರುತ್ತದೆ, ಮಾವ ಆರುವುದಿಲ್ಲ.

ನಾನೂ ಅವನ ವಿದ್ಯಾರ್ಥಿಯೇ. ನನ್ನ ನೆನಪಿಗೆ ಜಾಮೀನು ಕೊಡಲಾರೆ, ಆದರೆ ಮೊದಲ ತರಗತಿಯಲ್ಲೇ ಅವನು ನನ್ನ ಮೇಲೆ ಗುಡುಗಿದ್ದು ನಿಜ.

"ಲೇ, ಅಂವನ ಬಾಜೂಕ ಯಾಕ ಕುಂತಿ?"

"ದೋಸ್ತ್ ಅದಾನ್ರಿ ಸರ್."

"ನಿಮ್ಮ ಓಣ್ಯಾವನ ಯಾಕ ದೋಸ್ತ್ ಆದ? ಆಚಿ ಓಣ್ಯಾಗ ಮಂದಿ ಇಲ್ಲೇನು?"

ಮರುದಿನ ಹೆದರಿ ಎಲ್ಲರೂ ಚದುರಿ ಕುಳಿತೆವು. ಅದಕ್ಕೂ ಸಿಟ್ಟು! "ನಿನ್ನೆ ಅಪ್ಪ ಹೇಳಿದಲ್ಲಿ ಕುಂತ್ರಿ, ಇವತ್ತ ನಾ ಹೇಳಿದಲ್ಲಿ! ಸ್ವಂತ ತಲಿ ಯಾವಾಗ?" ಮುಂದೆ ವಿಶ್ವವಿದ್ಯಾಲಯದಲ್ಲಿ ದಪ್ಪ ದಪ್ಪ ಪುಸ್ತಕ ಓದಿದೆ. ಇದಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಈಗಲೂ ಮೈ ಉರಿಯುವುದು ಜುಗೂಳಿನಲ್ಲಿ ನಡೆದ ತಂಗಿಯ ಮದುವೆ ನೆನೆದಾಗ. ಮನೆಯೊಳಗೆ ಮುತ್ತೈದೆಯರು ಮದುಮಗಳಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಿದ್ದರು. ಅಪ್ಪ ತೀರಿಹೋಗಿದ್ದ, ಆದ್ದರಿಂದ ಅವ್ವ ಅಡುಗೆಮನೆ ಬಾಗಿಲ ಹಿಂದೆ. ಹೆತ್ತವಳ ಕೈ ಅಪಶಕುನವಂತೆ! ಎಮ್ಮೆ ಹಿಂಡಿ ಅದೇ ಮಗಳನ್ನು ಓದಿಸುವಾಗ ಆ ಕೈಗೆ ಶಕುನ ಕೇಳಿದವರುಂಟೇ?

ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ಅವನು ಹೊಸ್ತಿಲ ಮೇಲೆ ಕುಳಿತೇಬಿಟ್ಟ.

"ಏಳೋ, ಮುಹೂರ್ತ ಮೀರತೈತಿ!" ದೊಡ್ಡಪ್ಪ ಕೂಗಿದ.

"ಮೀರ್ಲಿ. ಅಕ್ಕ ಉಡಿ ತುಂಬೂತನಕ ಏಳಂಗಿಲ್ಲ."

"ಪದ್ಧತಿ ಗೊತ್ತೈತಿಲ್ಲೋ ನಿನಗ?"

"ಗೊತ್ತೈತ್ರಿ. ಸ್ವಾದರಮಾವ ಕರಕೊಂಡ ಬರದ ಹುಡುಗಿ ಹಂದರಕ್ಕ ಬರಂಗಿಲ್ಲ. ನಾನೂ ಪದ್ಧತಿನ ನಡಸಾಕತ್ತೇನಿ!"

ಹೊರಗೆ ವಾಲಗ ನಿಂತಿತು. ಬೀಗರು ಗೊಣಗಿದರು. ಕೊನೆಗೆ ದೊಡ್ಡಪ್ಪನೇ ಹಲ್ಲು ಕಡಿದು, "ಕರೀರಿ ಆಕೀನ" ಎಂದ.

ಈಗ ಅದೇ ದೊಡ್ಡಪ್ಪ, "ನಾವ ಕರದಿದ್ವಿ, ಯಾರ ಬ್ಯಾಡ ಅಂದಿದ್ರು?" ಎನ್ನುತ್ತಾನೆ. ಬಳಗವೆಲ್ಲ ತಲೆಯಾಡಿಸುತ್ತದೆ! ಮದುವೆಯ ವಿಡಿಯೋದಲ್ಲೂ ಆ ಭಾಗವಿಲ್ಲ. ಇಷ್ಟು ಜನ ಒಂದೇ ಮಾತು ಹೇಳಿದರೆ ನನ್ನ ತಲೆಯ ಮೇಲೆ ನನಗೇ ಅನುಮಾನ. ಮೊನ್ನೆ ಅವ್ವನನ್ನೇ ಕೇಳಿದೆ.

"ಯಾರ ಏನಂದ್ರೋ, ನನಗೇನ ನೆನಪಿಲ್ಲಪಾ," ಎಂದಳು. "ನನ್ನ ಬೊಗಸಿ ನಡಗಿ ಅಕ್ಕಿ ಚೆಲ್ಲಾಕತ್ತಿತ್ತು. ನನ್ನ ತಮ್ಮ ಬಂದು ಕೆಳಗ ತನ್ನ ಬೊಗಸಿ ಹಿಡದಾ."

ಎದ್ದು ಎಮ್ಮೆಗೆ ಮೇವು ಹಾಕಿ ಬಂದು ಮತ್ತೆ ಹೇಳಿದಳು.

"ಅಂವನ ಕೈನೂ ನಡಗತಿದ್ದೂ."