ಎಂಟನೆಯ ಸಂಜೆಯ ಎಣ್ಣೆ

“ಮೂವತ್ತು ವರ್ಷ ಫರ್ನೇಸ್ ಮುಂದೆ ನಿಂತೋನು ನಾನು. ಒಂಬತ್ತು ಬತ್ತಿ ಯಾವ ಲೆಕ್ಕ? ಆರಾಮಾಗಿ ಹೋಗ್ಬನ್ನಿ ಟೀಚರೇ,” ಎಂದು ಹಾಲೇಶಪ್ಪ ಎದೆಯುಬ್ಬಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾಗಿ ಆಲ್ಕೊಳದಲ್ಲಿ ಮನೆ ಕಟ್ಟಿಸಿದ ಮೇಲೆ ಅವರ ಶೌರ್ಯಕ್ಕೆ ಸಿಕ್ಕಿದ ಮೊದಲ ಕೆಲಸ ಅದು.

ಟೀಚರ್ ಎಂದರೆ ಮಹಡಿಯಲ್ಲಿ ಬಾಡಿಗೆಗಿದ್ದ ರೆಬೆಕಾ. ಕೊಂಕಣ ಕರಾವಳಿಯಲ್ಲಿ ಎಣ್ಣೆಗಾಣ ಆಡಿಸುತ್ತಿದ್ದ ಯೆಹೂದಿ ಮನೆತನದವರು. ಅವರ ದೀಪದ ಹಬ್ಬ ಹನುಕ್ಕಾದ ಕೊನೆಯ, ಎಂಟನೆಯ ಸಂಜೆಯೇ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಗೆಳತಿಯ ಮಗುವಿನ ನಾಮಕರಣ. ಎಂಟು ಬಟ್ಟಲು, ಅವನ್ನು ಹಚ್ಚಲು ಮೇಲೊಂದು ಬಟ್ಟಲಿದ್ದ ಅಜ್ಜಿಯ ಹಿತ್ತಾಳೆ ದೀಪವನ್ನು ಹಾಲೇಶಪ್ಪನವರ ಕೈಗಿಟ್ಟು ಆರೂವರೆಗೆ ಹಚ್ಚಲು ಹೇಳಿದರು.

“ಮಡಿ, ಮಂತ್ರ ಏನಾದ್ರೂ?”

“ಏನೂ ಬೇಡ. ನಾನು ದೇವರನ್ನ ನಂಬೋಳಲ್ಲ. ಅಜ್ಜಿ ಹಚ್ತಿದ್ರು, ನಾನೂ ಹಚ್ತೀನಿ. ಅದರ ಮುಂದೆ ಕೂತು ನಾವ್ಯಾರು, ಎಲ್ಲಿಂದ ಬಂದ್ವಿ ಅಂತ ನೆನಪು ಮಾಡ್ಕೊಳ್ಳೋದು, ಅಷ್ಟೇ. ಬಂದ್ಮೇಲೆ ಎಲ್ರಿಗೂ ವಡೆ ಕರೀತೀನಿ. ಈ ಹಬ್ಬಕ್ಕೆ ಎಣ್ಣೇಲಿ ಕರಿದಿದ್ದು ಬೇಕೇ ಬೇಕು.”

ಆರೂವರೆಗೆ ದೀಪ ಬೆಳಗಿತು. ಏಳಕ್ಕೆ ಮೊದಲ ಬತ್ತಿ ತೂಕಡಿಸಿತು.

“ರೀ, ಆರ್ತಾ ಇದೆ,” ಹೆಂಡತಿ ಉಚ್ಚಂಗಮ್ಮ ಪಿಸುಗುಟ್ಟಿದರು. “ನಮ್ಮನೆ ದೀಪ ಆರಿದ್ರೇ ಅಪಶಕುನ. ಇದು ಇನ್ನೊಬ್ಬರ ಮನೇದು. ಅದೂ ಗಾಣದೋರ್ದು.”

ಹಾಲೇಶಪ್ಪ ಅಡುಗೆಮನೆಗೆ ಓಡಿ ಎಣ್ಣೆ ಪ್ಯಾಕೆಟ್ ತಂದರು. ದೇವರ ದೀಪವಾಗಿದ್ದರೆ ತಪ್ಪುಕಾಣಿಕೆ ಕಟ್ಟಿಟ್ಟು ಪಾರಾಗಬಹುದಿತ್ತು. ತೀರಿಹೋದ ಅಜ್ಜಿಗೆ ಸಲ್ಲಬೇಕಾದ ಕಾಣಿಕೆಯನ್ನು ಯಾವ ಹುಂಡಿಗೆ ಹಾಕುವುದು?

ಎಣ್ಣೆ ಸುರಿದರು. ಅವಸರಕ್ಕೆ ಎರಡು ಬತ್ತಿ ಮುಳುಗಿದವು. ಹೊಸ ಬತ್ತಿ ಹೊಸೆದು ಹಚ್ಚುವಷ್ಟರಲ್ಲಿ ಇನ್ನೆರಡು ಕಣ್ಣು ಮುಚ್ಚತೊಡಗಿದವು. ಮತ್ತೆ ಸುರಿದರು. ಫ್ಯಾನು ನಿಂತಿತು, ಕಿಟಕಿ ಮುಚ್ಚಿತು, ಇಬ್ಬರ ಉಸಿರೂ ಅರ್ಧವಾಯಿತು. ದೀಪದ ಕೆಳಗಿನ ತಟ್ಟೆ ತುಂಬಿ ಮೇಜಿಗೆ, ಮೇಜಿನಿಂದ ನೆಲಕ್ಕೆ ಎಣ್ಣೆ ಭದ್ರಾ ನಾಲೆಯಂತೆ ಇಳಿಯಿತು. ಅಡುಗೆಮನೆಯ ಪ್ಯಾಕೆಟ್‌ಗಳು ಬರಿದಾದವು. ದೇವರಮನೆಯ ಎಳ್ಳೆಣ್ಣೆಯೂ ಮುಗಿಯಿತು.

“ರೀ, ಸೀನಬೇಡಿ.”

“ಸೀನ್ತಾ ಇಲ್ಲ ಮಾರಾಯ್ತಿ, ಅಳ್ತಾ ಇದೀನಿ.”

“ಫರ್ನೇಸ್‌ಗೆ ಹೆದರದೋರು ಬತ್ತಿಗೆ ಅಳ್ತೀರಾ?”

“ಅಲ್ಲಿ ಶಿಫ್ಟ್ ಇತ್ತು ಕಣೇ. ಎಂಟು ಗಂಟೆಗೆ ಇನ್ನೊಬ್ಬ ಬರ್ತಿದ್ದ.”

ಎಂಟೂವರೆಗೆ ರೆಬೆಕಾ ಬಾಗಿಲು ತಳ್ಳಿದಾಗ ಕಂಡದ್ದು ಇದು: ಉಚ್ಚಂಗಮ್ಮ ಗಾಳಿಗೆ ಅಡ್ಡವಾಗಿ ಬೆಡ್‌ಶೀಟ್ ಹಿಡಿದು ನಿಂತಿದ್ದಾರೆ. ಹಾಲೇಶಪ್ಪ ಎಡಗೈಲಿ ಬಿಚ್ಚಿದ ಕೊಡೆ, ಬಲಗೈಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂಬತ್ತೂ ಬತ್ತಿ ಧಗಧಗ ಉರಿಯುತ್ತಿವೆ.

ಬಾಗಿಲ ಗಾಳಿ ಒಳನುಗ್ಗಿತು. ಒಂಬತ್ತೂ ಒಟ್ಟಿಗೆ ಆರಿದವು.

“ತಪ್ಪಾಯ್ತು ಟೀಚರೇ,” ಕತ್ತಲೆಯೊಳಗಿಂದ ಹಾಲೇಶಪ್ಪನವರ ದನಿ ಬಂತು. “ಅಜ್ಜಿಗೆ ನೀವೇ ಒಂದು ಮಾತು ಹೇಳ್ಬಿಡಿ.”

ರೆಬೆಕಾ ಲೈಟು ಹಾಕಿದರು. “ಅಯ್ಯೋ, ಅದು ಅರ್ಧ ಗಂಟೆ ಉರಿದು ತಾನಾಗೇ ಆರ್ಬೇಕು. ನೀವು ಅವಾಗಿಂದ ಕಾಯ್ತಾ ಇದೀರಾ?” ಅವರ ಕಣ್ಣು ತುಂಬಿತು. “ನಮ್ಮಜ್ಜಿ ದೀಪದ ಮುಂದೆ ನಾನೇ ಯಾವತ್ತೂ ಇಷ್ಟು ಹೊತ್ತು ಕೂತಿಲ್ಲ.” ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದರು. “ಏಳಿ, ವಡೆ ಕರಿಯೋಣ. ಎಣ್ಣೆ ಎಲ್ಲಿದೆ?”

ಉಚ್ಚಂಗಮ್ಮ ನೆಲ ತೋರಿಸಿದರು. “ಒಗ್ಗರಣೆಗೂ ಇಲ್ಲ.”

ರೆಬೆಕಾ ನಗುತ್ತಾ ಅಲ್ಲೇ ಕುಸಿದು ಕೂತರು.

“ಈ ಹಬ್ಬದ ಕಥೆ ಏನು ಗೊತ್ತಾ ಹಾಲೇಶಪ್ಪನೋರೆ? ಹಿಂದೆ ಒಂದು ದಿನಕ್ಕಾಗೋ ಎಣ್ಣೆ ಎಂಟು ದಿನ ಉರೀತಂತೆ. ಆ ಪವಾಡನ ನಾನು ನಂಬಿಲ್ಲ. ಆದ್ರೆ ಒಂದು ತಿಂಗಳ ಎಣ್ಣೆ ಎರಡು ಗಂಟೇಲಿ ಮುಗಿದಿದ್ದನ್ನ ಇವತ್ತು ಕಣ್ಣಾರೆ ನೋಡ್ದೆ.”