ಸಂತೆಕಲ್ಲೂರಿನ ಅಳಿಯನನ್ನು ನಾನು ಖಳನಾಯಕ ಮಾಡಿದ್ದು

ಕನ್ನಡಿಗರಿಗೆ ರೆಸ್ಲಿಂಗ್ ಸುದ್ದಿ ಸರಿಯಾಗಿ ತಲುಪುತ್ತಿಲ್ಲ ಎಂಬ ಘೋರ ಅನ್ಯಾಯವನ್ನು ಸಿಂಧನೂರಿನಲ್ಲಿ ಕುಳಿತು ಮೊಟ್ಟಮೊದಲು ಪತ್ತೆಹಚ್ಚಿದವನು ನಾನು. ಹಗಲು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂಜೆ ಸ್ವಂತ ವೆಬ್‌ಸೈಟಿನ ಸ್ಥಾಪಕ, ಪ್ರಧಾನ ಸಂಪಾದಕ, ವರದಿಗಾರ, ಕರೆಂಟು ಹೋದರೆ ಕಾಯುವವನು, ಎಲ್ಲವೂ ನಾನೇ. ಟಿವಿಯಲ್ಲಿ ಚಡ್ಡಿ ಹಾಕಿಕೊಂಡು ಕುರ್ಚಿಯಿಂದ ಬಡಿದಾಡುವ ಪರದೇಶದ ಮಲ್ಲರ ಸುದ್ದಿ, ನಡುನಡುವೆ ಸಿನಿಮಾ ಸುದ್ದಿ. ಇಷ್ಟೇ ಸರಕು. ಇನ್ನು ಸ್ವಲ್ಪ ದಿನದಲ್ಲಿ ನಾಡೆಲ್ಲ ಓದುತ್ತದೆ ಎಂದು ನನಗೆ ಖಾತ್ರಿಯಿತ್ತು.

ಹೆಂಡತಿ ರೇಣುಕಾಳಿಗೆ ಅಷ್ಟು ಖಾತ್ರಿ ಇರಲಿಲ್ಲ.

“ಯಾರು ಓದಾಕತ್ತಾರ್ರೀ ಇದನ್ನ?”

“ಬೆಳೀತೈತಿ ತಡಿ. ದಿನಾ ಹೊಸ ಮಂದಿ ಬರಾಕತ್ತಾರ.”

“ನಿಮ್ಮ ಫೋನಿನ್ಯಾಗ ಒಮ್ಮೆ, ನನ್ನ ಫೋನಿನ್ಯಾಗ ಒಮ್ಮೆ ನೀವ ತೆಗೀತೀರಿ. ಹೊಸ ಮಂದಿ ಅಂದ್ರ ನಾವಿಬ್ರೇನು?”

ಮಾತು ನಿಜವಾಗಿತ್ತು. ಆದ್ದರಿಂದ ನನಗೆ ಸಿಟ್ಟು ಬಂತು.

ಆ ಹೊತ್ತಿಗೆ ಒಂದು ಮದುವೆಯ ಮಾತು ನಡೆದಿತ್ತು. ರೇಣುಕಾಳ ತವರು ಸಂತೆಕಲ್ಲೂರು. ಅಲ್ಲಿಯ ಅವಳ ಶರಣಪ್ಪ ಕಾಕಾನ ಮಗಳು ಸುಜಾತಾಳಿಗೆ ಜವಳಗೇರಾದ ಹನುಮೇಶ ಎಂಬ ಹುಡುಗನನ್ನು ರೇಣುಕಾಳೇ ತೋರಿಸಿದ್ದಳು. ಟ್ರ್ಯಾಕ್ಟರ್ ಇದೆ, ಕಾಲುವೆ ನೀರಿನ ಗದ್ದೆ ಇದೆ, ಜೊತೆಗೆ ಕುಸ್ತಿ ಹಿಡಿಯುತ್ತಾನೆ. ಹುಡುಗಿ ಒಪ್ಪಿದ್ದಳು. ಕಾಕಾ ಮಾತ್ರ “ಪೈಲ್ವಾನ ಮನುಷ್ಯ, ಕೈ ಹೆಂಗೋ ಏನೋ” ಎಂದು ಮಾತು ಎಳೆಯುತ್ತಿದ್ದರು. ಅಷ್ಟರಲ್ಲಿ ಹನುಮೇಶ ಮಸ್ಕಿಯ ಕುಸ್ತಿಯಲ್ಲಿ ಲಿಂಗಸುಗೂರಿನ ಪೈಲ್ವಾನನನ್ನು ಚಿತ್ ಮಾಡಿದ.

“ರೀ, ನಿಮ್ಮ ವೆಬ್‌ಸೈಟಿನ್ಯಾಗ ಅವನ ಮ್ಯಾಲ ನಾಕು ಛಲೋ ಮಾತು ಬರೀರಿ. ಕಾಕಾ ಓದ್ಲಿ, ಹೂಂ ಅನ್ಲಿ.”

ನನ್ನ ಪತ್ರಿಕೋದ್ಯಮವನ್ನು ನಂಬಿ ಹೆಂಡತಿ ಕೊಟ್ಟ ಮೊದಲ ಕೆಲಸ! ಎದೆ ಉಬ್ಬಿತು.

ರೆಸ್ಲಿಂಗ್ ಬಲ್ಲವರಿಗೆ ಒಂದು ಸೂತ್ರ ಗೊತ್ತು. ಅಲ್ಲಿ ಖಳನಾಯಕನೇ ದೊಡ್ಡವನು. ಜನ ಎಷ್ಟು ಬೈಯುತ್ತಾರೋ ಅಷ್ಟು ಅವನ ಹೆಸರು. ಸಭ್ಯಸ್ಥನನ್ನು ಕೇಳುವವರೇ ಇಲ್ಲ. ಹಾಗಾಗಿ ಸಂತೆಕಲ್ಲೂರಿನ ಅಳಿಯನಾಗುವವನಿಗೆ ನನ್ನ ಬಳಿ ಇದ್ದ ಅತ್ಯುನ್ನತ ಪದವಿಯನ್ನೇ ದಯಪಾಲಿಸಿದೆ: “ಗುರುದ್ರೋಹಿ ಜವಳಗೇರಾ ರಾಕ್ಷಸ! ಮಸ್ಕಿ ಮಣ್ಣಿನಲ್ಲಿ ರಕ್ತ!”

ಗುರುದ್ರೋಹ ಎಂದರೆ, ಗೆದ್ದವನೂ ಸೋತವನೂ ಒಬ್ಬನೇ ವಸ್ತಾದನ ಕೈಯಲ್ಲಿ ಕುಸ್ತಿ ಕಲಿತವರು. ರಕ್ತ ಎಂದರೆ, ಸೋತವನ ಮೊಣಕೈ ತರಚಿತ್ತು.

ಬೆಳಿಗ್ಗೆ ಎದ್ದು ನೋಡುತ್ತೇನೆ, ವೆಬ್‌ಸೈಟು ಬೆಳೆದಿದೆ! ಗೊರೇಬಾಳದವರು ಓದಿದರು. ಮಸ್ಕಿಯವರು ಓದಿ ಲಿಂಗಸುಗೂರಿಗೆ ಕಳಿಸಿದರು. ಲಿಂಗಸುಗೂರಿನವರು ಬೈದು ವಾಪಸು ಕಳಿಸಿದರು. ಫೋನು ಬಿಸಿಯಾಗಿ ಕೈಯಲ್ಲಿ ಹಿಡಿಯಲಾಗಲಿಲ್ಲ. ಸಂಜೆ ಖುಷಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ರೇಣುಕಾ ಬಾಗಿಲಲ್ಲೇ ನಿಂತಿದ್ದಳು.

“ಕಾಕಾಂದು ಫೋನ್ ಬಂದಿತ್ತು.”

“ಓದ್ಯಾನೇನು?”

“ಊರಿಗೆ ಊರ ಓದೈತಿ! ಗುರುವಿಗೇ ದ್ರೋಹ ಮಾಡಿದಾಂವ ನಾಳೆ ನನ್ನ ಮಗಳ್ನ ಬಿಡ್ತಾನೇನು ಅಂತ ಕೇಳ್ಯಾನ. ಹುಡುಗ ಬ್ಯಾಡಂತ. ಸುಜಾತಾ ಉಣ್ಣದ ಕುಂತಾಳ.”

ಭಜಿಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ರಜೆ ಹಾಕಿ ಸಂತೆಕಲ್ಲೂರಿಗೆ ಹೋದೆ. ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಪಾಠ ಮಾಡುವ ದನಿಯಲ್ಲಿ ಶುರು ಮಾಡಿದೆ.

“ಮಾವಾ, ರೆಸ್ಲಿಂಗಿನ್ಯಾಗ ಇದೆಲ್ಲಾ ಕತಿ. ದ್ವೇಷ ಸುಳ್ಳು, ಹೊಡೆತ ಸುಳ್ಳು. ಯಾರು ಗೆಲ್ಲಬೇಕು ಅಂತ ಮೊದ್ಲ ಮಾತಾಡ್ಕೊಂಡಿರ್ತಾರ.”

“ಹೌದಾ? ಹಂಗಾರ ಹನುಮೇಶ ಗೆದ್ದಿದ್ದೂ ಸುಳ್ಳು?”

“ಅದು... ಅದು ಖರೆ ಮಾವಾ.”

“ಮತ್ತ ಗುರುದ್ರೋಹ?”

“ಅದು ಸುಳ್ಳು.”

“ರಕ್ತ?”

“ಸ್ವಲ್ಪ ಖರೆ.”

ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಅಳಿಯಂದ್ರ, ಸಾಲ್ಯಾಗೂ ನೀವು ಹಿಂಗ ಕಲಿಸ್ತೀರೇನು?”

ಸುಮ್ಮನೆ ವಾಪಸು ಬಂದಿದ್ದರೆ ಬದುಕುತ್ತಿದ್ದೆ. ಆದರೆ ಬಸ್ಸಿನಲ್ಲಿ ನನಗೆ ಎರಡನೆಯ ಸೂತ್ರ ನೆನಪಾಯಿತು! ರೆಸ್ಲಿಂಗಿನಲ್ಲಿ ಖಳನಾಯಕ ಒಂದೇ ಏಟಿಗೆ ಒಳ್ಳೆಯವನಾಗಬಲ್ಲ. ಅದಕ್ಕೆ ಕಣ್ಣೀರು ಬೇಕು, ಒಬ್ಬ ಹೆಣ್ಣು ಬೇಕು. ಮಸ್ಕಿ ಬರುವುದರೊಳಗೆ ಬರೆದು ಹಾಕಿಬಿಟ್ಟೆ: “ರಾಕ್ಷಸ ಅತ್ತ! ಸಂತೆಕಲ್ಲೂರಿನ ಚೆಲುವೆಗಾಗಿ ಕರಗಿದ!”

ಹುಡುಗಿಯ ಹೆಸರು ಹಾಕಿರಲಿಲ್ಲ. ಯಾರಿಗೂ ಅದರ ಅಗತ್ಯ ಬೀಳಲಿಲ್ಲ. ಮಾತು ಮುಗಿಯದ, ನಿಶ್ಚಯದ ಸಕ್ಕರೆ ಹಂಚದ ಸಂಬಂಧದಲ್ಲಿ ಹುಡುಗಿಯ ಸುದ್ದಿ ಊರ ಬಾಯಿಗೆ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಪ್ರಧಾನ ಸಂಪಾದಕನಿಗೆ ಮರೆತಿತ್ತು.

ಸಿಂಧನೂರಿನಲ್ಲಿ ಇಳಿಯುವಾಗ ಫೋನು ಬಂತು. ಸುಜಾತಾ ಅಳುತ್ತಿದ್ದಳು.

“ಭಾವಾ, ನಿಮ್ಮ ಕಾಲು ಬೀಳ್ತೀನಿ, ಇನ್ನ ಏನೂ ಬರೀಬ್ಯಾಡ್ರೀ. ನನಗ ಆ ಹುಡುಗ ಬೇಕಾಗ್ಯಾನ್ರೀ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ನಿಂತಲ್ಲೇ ಎರಡೂ ಬರಹ ಅಳಿಸಿದೆ. ಅಷ್ಟರಲ್ಲಿ ಜನ ಅವುಗಳ ಫೋಟೋ ತೆಗೆದಿಟ್ಟುಕೊಂಡಿದ್ದರು.

ಕೊನೆಗೆ ಕಥೆ ಜವಳಗೇರಾದ ಮುದುಕ ವಸ್ತಾದನ ಕಿವಿಗೆ ಬಿತ್ತು. ನಾನು ದ್ರೋಹ ಮಾಡಿಸಿದ್ದು ಇದೇ ಗುರುವಿಗೆ! “ಬರದಾಂವನ್ನೂ ಕರೀರಿ, ಹುಡುಗಿ ಅಪ್ಪನ್ನೂ ಕರೀರಿ” ಎಂದು ಹೇಳಿಕಳಿಸಿದರು.

ನನ್ನ ಜೊತೆ ರೇಣುಕಾಳೂ ಬಂದಿದ್ದಳು. ಗರಡಿಯ ಒಳಗೆ ಹೆಂಗಸರು ಬರುವಂತಿಲ್ಲ. ಹಾಗಾಗಿ ಮಣ್ಣನ್ನೇ ಹೊರಗೆ ಬೇವಿನ ಮರದ ಕೆಳಗೆ ಹರವಿಸಿದ್ದರು. ಶರಣಪ್ಪ ಕಾಕಾ ಒಂದು ಕುರ್ಚಿಯಲ್ಲಿ ಮುಖ ಬಿಗಿದುಕೊಂಡು ಕುಳಿತಿದ್ದರು. ಊರ ಮಂದಿ ಕರೆಯದೆಯೇ ಬಂದಿತ್ತು. ಎಲ್ಲರೂ ನನ್ನ ಓದುಗರು.

“ನನಗ ದ್ರೋಹ ಆದದ್ದು ನನಗ ಗೊತ್ತಿಲ್ಲ. ನೀವು ಹೆಂಗ ಬರದ್ರಿ ಮಾಸ್ತರ?” ಎಂದರು ವಸ್ತಾದ. “ಇರ್ಲಿ. ಕುಸ್ತಿ ಮ್ಯಾಲ ಬರಿಯಾಂವ ಒಮ್ಮೆ ಮಣ್ಣು ಮುಟ್ಟಬೇಕು. ಅಂಗಿ ತೆಗೀರಿ. ಹನುಮ್ಯಾ, ಇಳಿಯಲೇ! ನೀ ಎಂಥಾ ರಾಕ್ಷಸ ಅನ್ನೋದು ನಿಮ್ಮ ಮಾವ ಕಣ್ಣಾರೆ ನೋಡ್ಲಿ.”

ನಾನು ರೇಣುಕಾಳ ಕಡೆ ನೋಡಿದೆ. “ಏನಾರ ಹೇಳ!”

ಅವಳು ಫೋನು ತೆಗೆದು ನನ್ನ ಕಡೆ ಹಿಡಿದಳು. “ಸ್ವಲ್ಪ ಈ ಕಡೆ ಸರೀರಿ, ಬಿಸಿಲು ಹೊಡೀತೈತಿ.”

ಹನುಮೇಶ ನನ್ನೆದುರು ಬಂದು ನಿಂತ. ಬಿಸಿಲು ಪೂರ್ತಿ ಮರೆಯಾಯಿತು. ಮೊದಲು ನನ್ನ ಚಸ್ಮಾ ತೆಗೆದು ರೇಣುಕಾಳಿಗೆ ಕೊಟ್ಟು ಬಂದ. “ಹೆದರಬ್ಯಾಡ್ರಿ ಸರ್, ಉಸಿರು ಬಿಡ್ರಿ” ಎಂದ. ಉಸಿರು ಬಿಡುವಷ್ಟರಲ್ಲಿ ನಾನು ಬೇವಿನ ಟೊಂಗೆಯ ಹತ್ತಿರವಿದ್ದೆ! ಆಮೇಲೆ ತಲೆಯ ಕೆಳಗೆ ಒಂದು ಕೈ ಕೊಟ್ಟು, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ನನ್ನನ್ನು ಮಣ್ಣಿನ ಮೇಲೆ ಮಲಗಿಸಿದ. ಕಿವಿಗೆ ಮೆತ್ತಿದ ಮಣ್ಣು ಒರೆಸಿದ. “ಎಲ್ಲೂ ಪೆಟ್ಟಾಗಿಲ್ಲಲ್ರೀ?” ಎಂದು ಕೇಳಿದ.

ಕಾಕಾ ಕುರ್ಚಿಯಿಂದ ಎದ್ದರು.

“ಇಂಥಾ ಮನುಷ್ಯಾನ್ನ ಇಷ್ಟು ಮೆತ್ತಗ ಮಲಗಿಸ್ಯಾನಂದ್ರ ನನ್ನ ಮಗಳಿಗೆ ಏನ್ ಚಿಂತಿ? ತರ್ರಿ ಸಕ್ಕರಿ!”

ಎಲ್ಲರೂ ಸಕ್ಕರೆ ಹಂಚಿಕೊಂಡರು. ನಾನಿನ್ನೂ ಮಣ್ಣಲ್ಲೇ ಇದ್ದೆ. ಸಕ್ಕರೆಯ ತಟ್ಟೆ ನನ್ನನ್ನು ದಾಟಿಕೊಂಡು ಹೋಯಿತು.

ವಿಡಿಯೋವನ್ನು ರೇಣುಕಾಳೇ ವೆಬ್‌ಸೈಟಿಗೆ ಹಾಕಿದಳು. ಶೀರ್ಷಿಕೆ: “ಮಾಸ್ತರು ಬಿದ್ದರು.” ಒಂದು ಆಶ್ಚರ್ಯಸೂಚಕ ಚಿಹ್ನೆ ಕೂಡ ಇಲ್ಲ! ಆದರೂ ನಾನು ಅಷ್ಟು ದಿನ ಬರೆದದ್ದನ್ನೆಲ್ಲ ಕೂಡಿಸಿದರೂ ಅಷ್ಟು ಜನ ನೋಡಿರಲಿಲ್ಲ. ನಾನು ಹೇಳಿದಂತೆಯೇ ವೆಬ್‌ಸೈಟು ಈಗ ದಿನದಿನಕ್ಕೆ ಬೆಳೆಯುತ್ತಿದೆ. ಪರದೇಶದ ಮಲ್ಲರನ್ನು ಯಾರೂ ಕೇಳುತ್ತಿಲ್ಲ. ಓದುಗರ ಪ್ರಶ್ನೆ ಒಂದೇ: ಮಾಸ್ತರು ಮತ್ತೆ ಯಾವಾಗ ಬೀಳುತ್ತಾರೆ?

ಹೊಸ ಪ್ರಧಾನ ಸಂಪಾದಕಿ ರೇಣುಕಾ ಅದಕ್ಕೊಂದು ಒಳ್ಳೆಯ ದಿನ ನೋಡುತ್ತಿದ್ದಾಳೆ.